ಅಪ್‌ಡೇಟ್: ಸ್ತನ ಕ್ಯಾನ್ಸರ್ ಚಿಕಿತ್ಸೆಯ ನಂತರದ ನಮ್ಮ ದಾಂಪತ್ಯ

ಸ್ತನ ತೆಗೆದ ಶಸ್ತ್ರಚಿಕಿತ್ಸೆಯ ಬಳಿಕ ಹೆಂಡತಿ ನನ್ನಿಂದ ದೂರ ಸರಿಯುತ್ತಿದ್ದಾಳೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ನಿಮ್ಮಲ್ಲಿ ಹಲವರು ಸೂಚಿಸಿದಂತೆ ಇಬ್ಬರೂ ಒಟ್ಟಿಗೆ ಆಪ್ತಸಮಾಲೋಚಕಿಯನ್ನು ಕಂಡೆವು. ಋತುಬಂಧವಾಗಿರುವ ಅವಳಿಗೆ ಹಾರ್ಮೋನ್ ಆಧಾರಿತ ಕ್ಯಾನ್ಸರ್ ಇದ್ದುದರಿಂದ, 5 ವರ್ಷ ತೆಗೆದುಕೊಳ್ಳಬೇಕೆಂದು ಬರೆದುಕೊಟ್ಟಿರುವ ಲೆಟ್ರೋಜೋಲ್ ಮಾತ್ರೆಯು ದೇಹದಲ್ಲಿ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನಿನ ಪ್ರಮಾಣವನ್ನು ತೀರಾ ತಗ್ಗಿಸಿ, ಕೀಲುನೋವನ್ನೂ ಯೋನಿಯ ಶುಷ್ಕತೆಯನ್ನೂ ತರಬಲ್ಲದೆಂದು ಅವರು ವಿವರಿಸಿದಾಗ, ಅವಳು ಮೊದಲ ಬಾರಿಗೆ ತನ್ನ ಹಿಂಜರಿಕೆಗೆ ನೋವಿನ ಭಯವೇ ಮುಖ್ಯ ಕಾರಣವೆಂದು ಬಾಯಿಬಿಟ್ಟು ಹೇಳಿದಳು. ಚಿಕಿತ್ಸೆಯ ಆರಂಭದಲ್ಲೇ ಇದನ್ನು ಯಾರೂ ತಿಳಿಸದಿದ್ದುದು ನನಗೆ ಇಂದಿಗೂ ಸೋಜಿಗ! ವೈದ್ಯರು ಹಾರ್ಮೋನ್‌ರಹಿತ ಮಾಯಿಶ್ಚರೈಸರ್ ಮತ್ತು ಲೂಬ್ರಿಕಂಟ್ ಸೂಚಿಸಿದ್ದಾರೆ. ಸದ್ಯಕ್ಕೆ ಸಂಭೋಗದ ನಿರೀಕ್ಷೆಯಿಲ್ಲದೆ ಹತ್ತಿರವಿರುವುದು, ಗಾಯದ ಗುರುತನ್ನು ಅವಳು ಒಪ್ಪಿದಾಗ ಮಾತ್ರ ಮುಟ್ಟುವುದು ಎಂದು ಮಾತಾಡಿಕೊಂಡಿದ್ದೇವೆ. ಅವಳ ಮುನಿಸು ಪೂರ್ತಿ ಹೋಗಿಲ್ಲ. ಆದರೆ ಮುಂದಿನ ಭೇಟಿಯ ದಿನವನ್ನು ಈ ಸಲ ಅವಳೇ ಗೊತ್ತುಮಾಡಿದ್ದಾಳೆ.