ಲಿವರ್ ಸ್ಲೈಡ್ ಪೂರ್ತಿ ಕಂದು ಯಾಕೆ? ಆರ್ಜಿನೇಸ್-1 ಆ್ಯಂಟಿಬಾಡಿ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಲ್ಯಾಬ್ ಟೆಕ್ನಿಷಿಯನ್, ಹಾಸನ): ಮೇಡಂ, ನಮಸ್ಕಾರ. ನಮ್ಮ ಲ್ಯಾಬಿಗೆ ಹೊಸದಾಗಿ ಆರ್ಜಿನೇಸ್-1 ಆ್ಯಂಟಿಬಾಡಿ (ಲಿವರಿನ ಆರ್ಜಿನೇಸ್-1 ಕಿಣ್ವಕ್ಕೆ ಅಂಟುವ ಪ್ರೋಟೀನ್, ಆ ಕಿಣ್ವ ಇರುವ ಕೋಶಗಳನ್ನು ಕಂದು ಬಣ್ಣದಿಂದ ಗುರುತಿಸಲು) ತರಿಸಿದ್ದೇವೆ. ಲಿವರ್ ಬಯಾಪ್ಸಿ ಮೇಲೆ ಹಾಕಿದರೆ ಇಡೀ ಸ್ಲೈಡ್ ಕಂದಾಗುತ್ತದೆ. ಆ್ಯಂಟಿಬಾಡಿ ಹಾಕದೆ ಬಿಟ್ಟ ನೆಗೆಟಿವ್ ಕಂಟ್ರೋಲ್ ಕೂಡ ಕಂದು! ಮಾರಿದವರು ‘ಇನ್ನೂ ಡೈಲ್ಯೂಟ್ ಮಾಡಿ’ ಅಂದರು. ಮಾಡಿದೆವು, ಏನೂ ಬದಲಾಗಲಿಲ್ಲ.

ಉತ್ತರ (ಪೆಥಾಲಜಿಸ್ಟ್): ಆ್ಯಂಟಿಬಾಡಿಯೇ ಇಲ್ಲದ ಸ್ಲೈಡ್ ಕಂದಾಗಿದೆ ಅಂದಮೇಲೆ ಅದನ್ನು ಡೈಲ್ಯೂಟ್ ಮಾಡಿ ಏನು ಬಂತು? ಸುಮ್ನೆ ದುಡ್ಡು ದಂಡ. ನೀವು ಬಳಸುತ್ತಿರುವುದು ಬಯೋಟಿನ್–ಸ್ಟ್ರೆಪ್ಟಾವಿಡಿನ್ ಕಿಟ್ ಅಲ್ವಾ? ಅದರಲ್ಲಿ ಬಣ್ಣ ಬರಿಸುವ ಪೆರಾಕ್ಸಿಡೇಸ್ ಕಿಣ್ವವನ್ನು ಹೊತ್ತ ಸ್ಟ್ರೆಪ್ಟಾವಿಡಿನ್ ಎಂಬ ಪ್ರೋಟೀನ್, ಬಯೋಟಿನ್ ಎಂಬ ವಿಟಮಿನ್ ಎಲ್ಲಿದೆಯೋ ಅಲ್ಲಿ ಗಟ್ಟಿಯಾಗಿ ಅಂಟುತ್ತದೆ. ಲಿವರ್ ಮತ್ತು ಕಿಡ್ನಿಯ ಜೀವಕೋಶಗಳಲ್ಲಿ ಬಯೋಟಿನ್ ಮೊದಲೇ ಜಾಸ್ತಿ ಇರುತ್ತದೆ. ಆ್ಯಂಟಿಜನ್ ರಿಟ್ರೀವಲ್‌ಗೆ (ಮುಚ್ಚಿಹೋದ ಪ್ರೋಟೀನ್ ಆ್ಯಂಟಿಬಾಡಿಗೆ ಸಿಗುವಂತೆ ಮಾಡಲು) ಸ್ಲೈಡನ್ನು ಬಫರಿನಲ್ಲಿ ಬಿಸಿ ಮಾಡಿದಾಗ ಅದು ಇನ್ನಷ್ಟು ತೆರೆದುಕೊಳ್ಳುತ್ತದೆ. ಸ್ಟ್ರೆಪ್ಟಾವಿಡಿನ್ ಹೋಗಿ ಅದಕ್ಕೇ ಅಂಟಿಕೊಳ್ಳುತ್ತದೆ.

ಖಚಿತ ಮಾಡಿಕೊಳ್ಳಲು ಅದೇ ಮೇಣದ ಬ್ಲಾಕಿನಿಂದ (ಬಯಾಪ್ಸಿ ತುಂಡು ಹುದುಗಿಸಿಟ್ಟ ಗಟ್ಟಿ) ಮೂರು ತೆಳು ಸೆಕ್ಷನ್ ಕತ್ತರಿಸಿ. ಒಂದಕ್ಕೆ ಏನೂ ಹಾಕಬೇಡಿ. ಅದರಲ್ಲೂ ಕಂದು ಕಂಡರೆ ಅದು ಲಿಪೋಫಸಿನ್‌ನಂಥ ಪಿಗ್ಮೆಂಟ್, ಅಂಗಾಂಶದ್ದೇ ಬಣ್ಣ. ಉಳಿದ ಎರಡನ್ನೂ ಎಂದಿನಂತೆ ಬಿಸಿ ಮಾಡಿ, ಅಂಗಾಂಶದಲ್ಲೇ ಇರುವ ಪೆರಾಕ್ಸಿಡೇಸನ್ನು ಹೈಡ್ರೋಜನ್ ಪೆರಾಕ್ಸೈಡಿನಿಂದ ಬ್ಲಾಕ್ ಮಾಡಿ. ಎರಡನೆಯದಕ್ಕೆ ಆಮೇಲೆ ಡಿಎಬಿ (ಪೆರಾಕ್ಸಿಡೇಸ್ ಇರುವಲ್ಲಿ ಕಂದಾಗುವ ದ್ರವ) ಮಾತ್ರ ಹಾಕಿ. ಕೆಂಪು ರಕ್ತಕಣಗಳು ಕಂದಾದರೆ ಪೆರಾಕ್ಸಿಡೇಸ್ ಸರಿಯಾಗಿ ಬ್ಲಾಕ್ ಆಗಿಲ್ಲ ಅಂತ ಅರ್ಥ. ನಿಮ್ಮ ಹೈಡ್ರೋಜನ್ ಪೆರಾಕ್ಸೈಡ್ ಬಾಟಲಿ ತೆರೆದು ಎಷ್ಟು ದಿನವಾಯಿತು ನೋಡಿ, ಹಳೆಯದಾದರೆ ಅದರ ಶಕ್ತಿ ಹೋಗಿರುತ್ತದೆ. ಮೂರನೆಯದಕ್ಕೆ ಸ್ಟ್ರೆಪ್ಟಾವಿಡಿನ್, ಆಮೇಲೆ ಡಿಎಬಿ. ಇದರಲ್ಲಿ ಮಾತ್ರ ಲಿವರ್ ಕೋಶಗಳ ಒಳಗೆ ಸಣ್ಣ ಸಣ್ಣ ಕಾಳಿನಂತೆ ಕಂದು ಬಂದರೆ ಬಯೋಟಿನ್ನೇ ಕಾರಣ. ಅವಿಡಿನ್–ಬಯೋಟಿನ್ ಬ್ಲಾಕ್ (ಅಂಗಾಂಶದ ಬಯೋಟಿನ್ನನ್ನು ಮೊದಲೇ ಮುಚ್ಚಿಬಿಡುವುದು) ಮಾಡಬಹುದು. ನನ್ನನ್ನು ಕೇಳಿದರೆ ಲಿವರ್ ಕೆಲಸಕ್ಕೆ ಬಯೋಟಿನ್ ಇಲ್ಲದ ಪಾಲಿಮರ್ ಕಿಟ್ಟಿಗೆ ಬದಲಾಗಿ. ಸ್ವಲ್ಪ ದುಬಾರಿ, ಆದರೆ ಈ ರಗಳೆಯೇ ಇರುವುದಿಲ್ಲ.

ಡೈಲ್ಯೂಷನ್ ಮಾತು ಬರುವುದು ಆಮೇಲೆ. 1:50, 1:100, 1:200, 1:400 ಹೀಗೆ ಹಾಕಿ ನೋಡಿ. ಲಿವರ್ ಕೋಶಗಳಲ್ಲಿ ಬಣ್ಣ ಗಾಢವಾಗಿದ್ದು, ಪಿತ್ತನಾಳದ ಕೋಶಗಳು ಪೂರ್ತಿ ಸ್ವಚ್ಛವಾಗಿ ಉಳಿಯುವ ಡೈಲ್ಯೂಷನ್ ನಿಮ್ಮದು. ಅದೇ ಸ್ಲೈಡಿನಲ್ಲಿ ಪಾಸಿಟಿವ್ ಕಂಟ್ರೋಲೂ ಇದೆ, ನೆಗೆಟಿವ್ ಕಂಟ್ರೋಲೂ ಇದೆ. ಇಂಥ ಅನುಕೂಲ ಎಲ್ಲ ಆ್ಯಂಟಿಬಾಡಿಗೂ ಸಿಗುವುದಿಲ್ಲ. ನ್ಯೂಕ್ಲಿಯಸ್ ಕೂಡ ಕಂದಾಗಿದೆ ಅಂತ ಗಾಬರಿ ಬೇಡ, ಆರ್ಜಿನೇಸ್-1 ಅಲ್ಲಿಯೂ ಬಣ್ಣ ಕೊಡುತ್ತದೆ.

ಮರುಪ್ರಶ್ನೆ (ಅದೇ ಟೆಕ್ನಿಷಿಯನ್): ಪಾಲಿಮರ್ ಕಿಟ್ ಬಂದ ಮೇಲೆ ನೇರವಾಗಿ ರೋಗಿಗಳ ಸ್ಲೈಡಿಗೆ ಬಳಸಬಹುದಾ?

ಉತ್ತರ: ಬೇಡ. ಕಿಟ್ ಬದಲಾದರೆ ಮತ್ತೆ ಪರೀಕ್ಷಿಸಿ ನೋಡಬೇಕು. ಇಂಥ ಆ್ಯಂಟಿಬಾಡಿಗೆ ಕನಿಷ್ಠ 10 ಪಾಸಿಟಿವ್, 10 ನೆಗೆಟಿವ್ ಕೇಸ್ ಹಾಕಿ ನೋಡುವುದು ರೂಢಿ. ಬಾಟಲಿ ಮೇಲೆ ‘ಸಂಶೋಧನೆಗೆ ಮಾತ್ರ’ ಅಂತ ಬರೆದಿದೆಯಾ, ಅದನ್ನೂ ನೋಡಿ. ಬರೆದಿದ್ದರೆ ರಿಪೋರ್ಟಿಗೆ ಬಳಸುವ ಮೊದಲು ನಿಮ್ಮ ಪೆಥಾಲಜಿಸ್ಟ್ ಜೊತೆ ಮಾತಾಡಿ.

ಪ್ರಶ್ನೆ (ಸಕಲೇಶಪುರದಿಂದ ಒಬ್ಬರು): ಡಾಕ್ಟ್ರೇ, ನಾನು ಲ್ಯಾಬಿನವನಲ್ಲ, ಕಾಫಿ ತೋಟ ನೋಡಿಕೊಂಡಿರುವವನು. ನಮ್ಮಪ್ಪನ ಲಿವರ್ ಬಯಾಪ್ಸಿ ರಿಪೋರ್ಟಿನಲ್ಲಿ ‘ಆರ್ಜಿನೇಸ್-1 ಪಾಸಿಟಿವ್, ಹೆಪ್‌ಪಾರ್-1 ಪಾಸಿಟಿವ್’ ಅಂತ ಇದೆ. ಕ್ಯಾನ್ಸರ್ ಅಂತಲೇ ಅರ್ಥವಾ?

ಉತ್ತರ: ಆ ಒಂದು ಸಾಲಿನಿಂದ ಹಾಗೆ ಹೇಳಲು ಬರುವುದಿಲ್ಲ. ನನ್ನ ಲಿವರ್, ನಿಮ್ಮ ಲಿವರ್ ಪರೀಕ್ಷೆ ಮಾಡಿದರೂ ಎರಡೂ ಪಾಸಿಟಿವ್ ಬರುತ್ತವೆ. ಆರ್ಜಿನೇಸ್-1 ನಮ್ಮ ಲಿವರಿನ ಕಿಣ್ವ. ಆರ್ಜಿನಿನ್ ಎಂಬ ಅಮೈನೋ ಆಮ್ಲವನ್ನು ಒಡೆದು ಯೂರಿಯಾ ಮಾಡುವುದು ಅದರ ಕೆಲಸ. ಹೆಪ್‌ಪಾರ್-1 ಲಿವರ್ ಕೋಶಗಳನ್ನು ಗುರುತಿಸುವ ಇನ್ನೊಂದು ಆ್ಯಂಟಿಬಾಡಿ. ಈ ಬಣ್ಣ ಜೀವಕೋಶ ಯಾವ ಊರಿನದು ಅಂತ ಹೇಳುತ್ತದೆ, ಆಸಾಮಿ ಒಳ್ಳೆಯವನೋ ಕೆಟ್ಟವನೋ ಅಂತ ಹೇಳುವುದಿಲ್ಲ.

ಹಾಗಾದರೆ ಯಾಕೆ ಮಾಡುತ್ತಾರೆ? ಲಿವರಿನಲ್ಲಿ ಗಡ್ಡೆ ಕಂಡರೆ ಅದು ಅಲ್ಲೇ ಹುಟ್ಟಿದ್ದಾ, ಕರುಳು, ಶ್ವಾಸಕೋಶದಂಥ ಕಡೆಯಿಂದ ಹರಡಿದ್ದಾ ಗೊತ್ತಾಗಬೇಕು. ಚಿಕಿತ್ಸೆಯೇ ಬೇರೆಬೇರೆ. 2010ರ ಒಂದು ಅಧ್ಯಯನದಲ್ಲಿ ಲಿವರ್ ಕೋಶಗಳದೇ ಕ್ಯಾನ್ಸರ್‌ಗಳ ಪೈಕಿ ಆರ್ಜಿನೇಸ್-1 ಸುಮಾರು 96% ಕೇಸುಗಳಲ್ಲಿ, ಹೆಪ್‌ಪಾರ್-1 ಸುಮಾರು 84% ಕೇಸುಗಳಲ್ಲಿ ಬಣ್ಣ ಕೊಟ್ಟಿತು. ಹೆಪ್‌ಪಾರ್-1ರದು ಒಂದು ತಮಾಷೆ. 1993ರಿಂದ ಅದು ಬಳಕೆಯಲ್ಲಿತ್ತು, ಅದು ಹಿಡಿಯುವುದು ಸಿಪಿಎಸ್-1 ಎಂಬ ಕಿಣ್ವವನ್ನು ಅಂತ ತಿಳಿದದ್ದು 2008ರಲ್ಲಿ! ಅದೂ ಯೂರಿಯಾ ತಯಾರಿಸುವ ಸಾಲಿನದೇ.

ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದನ್ನು ಕೋಶಗಳ ಆಕಾರ, ಜೋಡಣೆ, ರೆಟಿಕ್ಯುಲಿನ್ ಸ್ಟೇನ್ (ಕೋಶಗಳ ನಡುವಿನ ನಾರಿನ ಜಾಲ ತೋರಿಸುವ ಬಣ್ಣ), ಗ್ಲೈಪಿಕನ್-3 (ಲಿವರ್ ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುವ ಪ್ರೋಟೀನ್) ಇವೆಲ್ಲ ನೋಡಿ ತೀರ್ಮಾನಿಸುತ್ತಾರೆ. ರಿಪೋರ್ಟಿನ ಕೊನೆಯಲ್ಲಿ ‘ಡಯಾಗ್ನೋಸಿಸ್’ ಅಂತ ಇರುತ್ತದೆ. ಅದನ್ನು ನಿಮ್ಮ ಡಾಕ್ಟರ ಎದುರು ಕೂತು ಓದಿಸಿಕೊಳ್ಳಿ.

ಪ್ರಶ್ನೆ (ಕಲೆಕ್ಷನ್ ಸೆಂಟರ್, ಮೂಡಿಗೆರೆ): ಒಂದೊಂದು ಸಲ ಬಯಾಪ್ಸಿ ತುಂಡನ್ನು ಸಲೈನಿನಲ್ಲಿ ಹಾಕಿ ಕೊಡುತ್ತಾರೆ. ಇಲ್ಲಿ ಚಳಿ ಇರುತ್ತದಲ್ಲ, ಹಾಸನಕ್ಕೆ ಮರುದಿನ ಕಳಿಸಿದರೆ ನಡೆಯುತ್ತದಾ?

ಉತ್ತರ: ನಡೆಯುವುದಿಲ್ಲ. ತುಂಡು ಕೆಡದಂತೆ ಹಿಡಿದಿಡುವ ಫಾರ್ಮಲಿನ್ ದ್ರವದ ಕೆಲಸವನ್ನು ಮಲೆನಾಡಿನ ಚಳಿ ಮಾಡುವುದಿಲ್ಲ. ಸಲೈನಿನಲ್ಲಿ ತುಂಡು ಒಳಗಿಂದಲೇ ಹಾಳಾಗುತ್ತಾ ಹೋಗುತ್ತದೆ. ಫ್ರೀಜರಿಗೂ ಹಾಕಬೇಡಿ, ಮಂಜಿನ ಹರಳು ಕೋಶಗಳನ್ನು ಹರಿದುಹಾಕುತ್ತದೆ. 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್ ತುಂಬಿದ ಡಬ್ಬಿಗಳನ್ನು ಆಸ್ಪತ್ರೆಗೆ ಮೊದಲೇ ಕೊಟ್ಟಿಡಿ. ತುಂಡಿನ ಹತ್ತು ಪಟ್ಟಾದರೂ ದ್ರವ ಇರಲಿ. ತುಂಡು ಅದರಲ್ಲಿ 6 ಗಂಟೆಗಿಂತ ಕಡಿಮೆ ಇರುವುದು ಬೇಡ, 72 ಗಂಟೆ ದಾಟಿಸಬೇಡಿ. ನಲ್ಲಿ ನೀರು ಬೆರೆಸಿ ಮಾಡಿಕೊಂಡ ಫಾರ್ಮಲಿನ್ ದಿನ ಕಳೆದಂತೆ ಆಮ್ಲವಾಗಿ, ರಕ್ತ ಜಾಸ್ತಿ ಇರುವ ಲಿವರಿನಂಥ ತುಂಡಿನಲ್ಲಿ ಕಪ್ಪುಕಂದು ಪಿಗ್ಮೆಂಟ್ ಬಿಡುತ್ತದೆ. ಮೇಲಿನ ಟೆಕ್ನಿಷಿಯನ್‌ಗೆ ಇರುವ ತಲೆನೋವು ಸಾಲದು ಅಂತ ಇದೂ ಸೇರಿಕೊಳ್ಳುತ್ತದೆ.

ಪ್ರಶ್ನೆ (ಎಂ.ಎಸ್ಸಿ. ವಿದ್ಯಾರ್ಥಿನಿ, ಹಾಸನ): ಕಂದು ಗಾಢವಾಗಿದ್ದರೆ ಕಿಣ್ವ ಜಾಸ್ತಿ ಕೆಲಸ ಮಾಡುತ್ತಿದೆ ಅನ್ನಬಹುದಾ ಮೇಡಂ?

ಉತ್ತರ: ಇಲ್ಲಮ್ಮ. ಫಾರ್ಮಲಿನ್ ಮತ್ತು ಬಿಸಿ ಮೇಣ ದಾಟಿ ಬಂದ ಕಿಣ್ವದ ಕೆಲಸವನ್ನು ಈ ಬಣ್ಣ ತೋರಿಸುವುದಿಲ್ಲ. ಪ್ರೋಟೀನ್ ಅಲ್ಲಿದೆ ಅಂತಷ್ಟೇ ಗೊತ್ತಾಗುತ್ತದೆ. ಕೆಲಸ ಅಳೆಯಬೇಕಾದರೆ ತಾಜಾ ಅಂಗಾಂಶ ಅರೆದು, ಆರ್ಜಿನಿನ್ ಕೊಟ್ಟು, ಎಷ್ಟು ಯೂರಿಯಾ ಬಂತು ನೋಡಬೇಕು. ಮ್ಯಾಂಗನೀಸ್ ಸೇರಿಸುವುದು ಮರೆಯಬೇಡ, ಅದಿಲ್ಲದೆ ಈ ಕಿಣ್ವ ನಡೆಯುವುದಿಲ್ಲ.

ಪ್ರಶ್ನೆ (ಮತ್ತೆ ಮೊದಲ ಟೆಕ್ನಿಷಿಯನ್): ನಿನ್ನೆ ಮಳೆಗೆ ರಾತ್ರಿಯಿಡೀ ಕರೆಂಟ್ ಇರಲಿಲ್ಲ. ಫ್ರಿಜ್ಜಿನಲ್ಲಿದ್ದ ಆ್ಯಂಟಿಬಾಡಿ ಎಸೆಯಬೇಕಾ?

ಉತ್ತರ: ಈಗಲೇ ಎಸೆಯಬೇಡಿ. ಒಂದು ರಾತ್ರಿಗೆ ಆ್ಯಂಟಿಬಾಡಿ ಸಾಮಾನ್ಯವಾಗಿ ಕೆಡುವುದಿಲ್ಲ. ಹಳೆಯ ಕಂಟ್ರೋಲ್ ಬ್ಲಾಕಿನಿಂದ ಒಂದು ಸೆಕ್ಷನ್ ಹಾಕಿ, ಹೋದ ವಾರದ ಸ್ಲೈಡಿನ ಪಕ್ಕ ಇಟ್ಟು ನೋಡಿ. ಬಣ್ಣ ಒಂದೇ ಥರ ಇದ್ದರೆ ಬಳಸಿ, ಕರೆಂಟ್ ಹೋದದ್ದನ್ನು ದಿನಾಂಕ ಹಾಕಿ ರಿಜಿಸ್ಟರಿನಲ್ಲಿ ಬರೆದಿಡಿ. ಮಸುಕಾಗಿದ್ದರೆ ಹೊಸ ಬಾಟಲಿ ತರಿಸಿ.