ಯೋಗದ ನಿರೀಕ್ಷೆ ಪ್ರಶ್ನಾವಳಿ: ಆಲ್ಫಾ 0.58 ಬಂದಿದೆ, ಎರಡು ಹೇಳಿಕೆ ತೆಗೆದುಬಿಡಲಾ?

ಪ್ರಶ್ನೆ (ಎಂಎಸ್ಸಿ ನರ್ಸಿಂಗ್ ವಿದ್ಯಾರ್ಥಿನಿ, ಚಿಕ್ಕಬಳ್ಳಾಪುರ):
ನಮಸ್ಕಾರ ಸರ್. ಯೋಗದಿಂದ ಜನ ಏನು ನಿರೀಕ್ಷೆ ಮಾಡ್ತಾರೆ, ಯಾವುದಕ್ಕೆ ಹಿಂಜರೀತಾರೆ ಅನ್ನೋದು ನನ್ನ ಥೀಸಿಸ್. ಅಮೆರಿಕದಲ್ಲಿ ತಯಾರಾಗಿ 2011ರಲ್ಲಿ ಪ್ರಕಟವಾದ ‘ಬಿಲೀಫ್ಸ್ ಅಬೌಟ್ ಯೋಗ ಸ್ಕೇಲ್’ ತಗೊಂಡಿದೀನಿ. 11 ಹೇಳಿಕೆ, ಮೂರು ಭಾಗ: ಆರೋಗ್ಯದ ಲಾಭ, ಆಗಬಹುದಾದ ತೊಂದರೆ, ಸುತ್ತಲಿನವರ ರೂಢಿ. ಒಬ್ಬರು ಕನ್ನಡಕ್ಕೆ ಮಾಡಿದ್ರು, ಇನ್ನೊಬ್ಬರು ಅದನ್ನ ವಾಪಸ್ ಇಂಗ್ಲಿಷಿಗೆ ಮಾಡಿದ್ರು, ಮೂಲಕ್ಕೆ ತಾಳೆ ಆಯ್ತು. ಶಿಡ್ಲಘಟ್ಟದಲ್ಲಿ 30 ಜನರ ಹತ್ರ ಫಾರಂ ತುಂಬಿಸಿದೆ. ಆಲ್ಫಾ (ಹೇಳಿಕೆಗಳ ಉತ್ತರ ಒಂದಕ್ಕೊಂದು ಎಷ್ಟು ಹೊಂದುತ್ತೆ ಅನ್ನೋ ಅಳತೆ) ಬರೀ 0.58 ಬಂತು. ಮೈ ಬಗ್ಗೋದರ ಬಗ್ಗೆ ಇರೋ ಹೇಳಿಕೆ, ಕ್ಲಾಸಲ್ಲಿ ಮುಜುಗರ ಆಗುತ್ತೆ ಅನ್ನೋ ಹೇಳಿಕೆ, ಈ ಎರಡನ್ನ ತೆಗೆದ್ರೆ 0.74ಕ್ಕೆ ಏರುತ್ತೆ. ಗೈಡ್ ‘ತೆಗೆದುಬಿಡಮ್ಮ, ವ್ಯಾಲಿಡೇಷನ್ ಮುಗೀತು’ ಅಂತಿದಾರೆ, ಅಂದ್ರೆ ಪ್ರಶ್ನಾವಳಿ ಸರಿಯಾಗಿ ಅಳೆಯುತ್ತಾ ಅನ್ನೋ ಪರೀಕ್ಷೆ ಅಲ್ಲಿಗೆ ಮುಗೀತು ಅಂತ. ತೆಗೀಲಾ ಸರ್?

ಉತ್ತರ (ಬಯೋಸ್ಟಾಟಿಸ್ಟಿಕ್ಸ್ ಉಪನ್ಯಾಸಕ, ಕೋಲಾರ):
ತೆಗೀಬೇಡಿ. ಆ ಎರಡೂ ತೊಂದರೆಯ ಭಾಗದವು. ಜನ ಯಾವುದಕ್ಕೆ ಹಿಂಜರೀತಾರೆ ಅನ್ನೋದೇ ನಿಮ್ಮ ವಿಷಯ ಆಗಿರುವಾಗ, ಹಿಂಜರಿಕೆ ಹಿಡಿಯೋ ಹೇಳಿಕೆಯನ್ನೇ ಕಿತ್ತು ಹಾಕಿ ಆಲ್ಫಾ ಏರಿಸಿಕೊಂಡ್ರೆ ಥೀಸಿಸ್‌ನಲ್ಲಿ ಉಳಿಯೋದೇನು?

ಮೊದಲು ಎಕ್ಸೆಲ್ ಶೀಟ್ ತೆಗೆದು ನೋಡಿ. ಲಾಭದ ಹೇಳಿಕೆಗೂ ತೊಂದರೆಯ ಹೇಳಿಕೆಗೂ ದಿಕ್ಕು ಬೇರೆ. ಒಟ್ಟು ಅಂಕ ಕೂಡೋ ಮುಂಚೆ ತೊಂದರೆಯವುಗಳ ಅಂಕ ತಿರುಗಿಸಿದ್ರಾ, ಅಂದ್ರೆ ಹೆಚ್ಚು ಒಪ್ಪಿದ್ರೆ ಕಮ್ಮಿ ಅಂಕ ಬರೋ ಹಾಗೆ? ಆಲ್ಫಾ ತಳ ಕಂಡಾಗ ಎಷ್ಟೋ ಸಲ ಇದೇ ಕಾರಣ. ತಿರುಗಿಸಿದ್ರೂ ಮೂರು ಬೇರೆ ಬೇರೆ ಭಾಗ ಇರೋ ಪ್ರಶ್ನಾವಳಿಗೆ ಒಟ್ಟಾರೆ ಒಂದೇ ಆಲ್ಫಾ ಹೇಳೋದಕ್ಕೆ ಅಂಥ ಅರ್ಥ ಇಲ್ಲ, ಭಾಗಕ್ಕೊಂದು ಬೇರೆ ತೆಗೀರಿ. ಅದೂ 30 ಜನರಲ್ಲಿ. ಇಬ್ಬರು ಆಚೀಚೆ ಆದ್ರೆ ಸಂಖ್ಯೆ ಎಲ್ಲಿಂದೆಲ್ಲಿಗೋ ಹೋಗುತ್ತೆ.

ಆಮೇಲೆ ಒಬ್ಬೊಬ್ಬರ ಸಾಲನ್ನೂ ಓದಿ. ಮೇಲಿಂದ ಕೆಳಗಿನ ತನಕ ‘ಒಪ್ತೀನಿ, ಒಪ್ತೀನಿ’ ಅಂತ ಇರೋರು ಎಷ್ಟು ಜನ? ‘ಯೋಗ ಒಳ್ಳೇದು’ ಅನ್ನೋದಕ್ಕೂ ಒಪ್ಪಿಗೆ, ‘ಯೋಗ ನನ್ನ ಕೈಲಾಗಲ್ಲ’ ಅನ್ನೋದಕ್ಕೂ ಒಪ್ಪಿಗೆ. ಕಾಲೇಜಿನ ಹುಡುಗಿ ಫೈಲ್ ಹಿಡ್ಕೊಂಡು ಮನೆ ಬಾಗಿಲಿಗೆ ಬಂದಿದಾಳೆ, ಇಲ್ಲ ಅನ್ನೋದು ಹೇಗೆ ಅಂತ ನಮ್ಮ ಕಡೆ ಜನ ಮರ್ಯಾದೆಗೆ ಹೂಂ ಅಂದುಬಿಡ್ತಾರೆ. ಇದಕ್ಕೆ ಅನುವಾದ ಹೊಣೆ ಅಲ್ಲ, ಮರುಅನುವಾದದಲ್ಲಿ ಇದು ಸಿಕ್ಕಿಬೀಳೋದೂ ಇಲ್ಲ. ಎರಡು ಇಂಗ್ಲಿಷ್ ಕಾಗದ ತಾಳೆ ಆದ್ರೆ ಇಂಗ್ಲಿಷ್ ಬಲ್ಲ ಇಬ್ಬರಿಗೆ ಒಬ್ಬರ ಮಾತು ಒಬ್ಬರಿಗೆ ಅರ್ಥ ಆಯ್ತು ಅಂತ ಅಷ್ಟೇ.

ನೀವು ಬಿಟ್ಟಿರೋದು ಅತಿ ಮುಖ್ಯವಾದ ಹಂತ. ಅನುವಾದದ ಕ್ರಮದ ಬಗ್ಗೆ ಎಲ್ಲರೂ ಹೆಸರಿಸೋ ಬೀಟನ್ ಮತ್ತು ಸಂಗಡಿಗರ 2000ದ ಲೇಖನದಲ್ಲೂ ಪೂರ್ವಪರೀಕ್ಷೆಗೆ 30ರಿಂದ 40 ಜನ ಅಂತಲೇ ಇದೆ. ಆದ್ರೆ ಅದು ಆಲ್ಫಾ ತೆಗೆಯೋಕಲ್ಲ. ತುಂಬಿದವರ ಪಕ್ಕ ಕೂತು ‘ಇದನ್ನ ಓದಿದಾಗ ಏನು ಅಂದ್ಕೊಂಡ್ರಿ? ಈ ಉತ್ತರ ಯಾಕೆ ಕೊಟ್ರಿ?’ ಅಂತ ಕೇಳೋಕೆ. ಶಿಡ್ಲಘಟ್ಟಕ್ಕೆ ಇನ್ನೊಂದು ಸಲ ಹೋಗಿ, ಬರೀ ಆ ಎರಡು ಹೇಳಿಕೆ ಬಗ್ಗೆ ಹತ್ತು ಜನರನ್ನ ಮಾತಾಡಿಸಿ ಬನ್ನಿ. ಆಮೇಲೆ ತೆಗೆಯೋದೋ ಇಡೋದೋ ನೋಡೋಣ.

ಪ್ರತಿಕ್ರಿಯೆ (ಯೋಗ ಶಿಕ್ಷಕರು, ಚಿಂತಾಮಣಿ):
ಯೋಗ ನಮ್ಮದೇ ಸ್ವಾಮಿ. ಅಮೆರಿಕದವರ ಪ್ರಶ್ನೆ ತಂದು ನಮ್ಮೋರನ್ನ ಅಳೆಯೋದ್ಯಾಕೆ? ನಮ್ಮೂರಲ್ಲಿ ಯೋಗ ಬೇಡ ಅನ್ನೋರು ಯಾರಿದಾರೆ?

ಉತ್ತರ:
ಗುರುಗಳೇ, ಬೇಡ ಅನ್ನೋರು ಇಲ್ಲದಿರೋದೇ ತಲೆನೋವು. ಲಾಭದ ಹೇಳಿಕೆಗೆ ಎಲ್ಲರೂ ಪೂರ್ತಿ ಅಂಕ ಕೊಟ್ರೆ ಯಾರಿಗೆ ಹೆಚ್ಚು ನಿರೀಕ್ಷೆ, ಯಾರಿಗೆ ಕಮ್ಮಿ ಅಂತ ಬೇರ್ಪಡಿಸೋಕೆ ಆಗಲ್ಲ. 15%ಗಿಂತ ಹೆಚ್ಚು ಜನ ಗರಿಷ್ಠ ಅಂಕದಲ್ಲೇ ಗುಂಪುಗೂಡಿದ್ರೆ ಅಳತೆಗೋಲು ಅಲ್ಲಿಗೆ ಮೊಂಡಾಗಿದೆ ಅಂತ ಲೆಕ್ಕ. ಯೋಗ ಒಳ್ಳೇದು ಅಂತ ಒಪ್ಪೋರೆಲ್ಲ ನಿಮ್ಮ ಕ್ಲಾಸಿಗೆ ಬಂದಿದ್ರೆ ಜಾಗ ಸಾಲ್ತಿರಲಿಲ್ಲ ಅಲ್ವಾ?

ವಿದ್ಯಾರ್ಥಿನಿ:
ಹೋಗಿ ಬಂದೆ ಸರ್. ತಿರುಗಿಸೋದು ಮರೆತಿರಲಿಲ್ಲ, ಆದ್ರೆ 30ರಲ್ಲಿ ಒಂಬತ್ತು ಜನ ಎಲ್ಲಕ್ಕೂ ‘ಒಪ್ತೀನಿ’. ಮುಜುಗರದ ವಿಚಾರಕ್ಕೆ ರೀಲಿಂಗ್ ಘಟಕದಲ್ಲಿ ಗೂಡು ಬೇಯಿಸಿ ನೂಲು ತೆಗೆಯೋ ಅಕ್ಕ ಒಬ್ಬರು, ಬಿಸಿನೀರಲ್ಲಿ ಬೆಳ್ಳಗೆ ಸುಕ್ಕಾಗಿದ್ದ ಬೆರಳು ಸೆರಗಿಗೆ ಒರೆಸ್ಕೊಂಡು, ‘ಮುಜುಗರ ಎಂಥದು? ಸೀರೆ ಉಟ್ಕೊಂಡು ಕಾಲು ಎತ್ತೋದೆಂಗೆ ಅಂತ ಕೇಳು’ ಅಂದ್ರು. ಇನ್ನೊಬ್ಬರು ಯೋಗ ಕ್ಲಾಸ್ ಅಂದ್ರೆ ಜೂನ್ 21ರ ಯೋಗ ದಿನಕ್ಕೆ ಸ್ಕೂಲ್ ಮೈದಾನದಲ್ಲಿ ಮಕ್ಕಳು ಮಾಡೋದು ಅಂದ್ಕೊಂಡಿದ್ರು, ‘ನಾನ್ಯಾಕೆ ಅಲ್ಲಿಗೆ ಹೋಗ್ಲಿ’ ಅಂದ್ರು. ಒಂದು ಮುಸ್ಲಿಂ ಮನೇಲಿ ಮಂತ್ರ ಹೇಳ್ಬೇಕಾ ಅಂತ ಕೇಳಿದ್ರು. ಬೆಳಗ್ಗೆ ಹಾಲು ಕರೆಯೋ ಹೊತ್ತು ಅನ್ನೋದಂತೂ ಎಲ್ಲರ ಬಾಯಲ್ಲೂ. ಇವನ್ನೆಲ್ಲ ಹೇಳಿಕೆಯಾಗಿ ಸೇರಿಸಲಾ? ಸ್ಯಾಂಪಲ್ ಎಷ್ಟು ಬೇಕು? ಬಾಗೇಪಲ್ಲಿ ಕಡೆ ಮನೆಮಾತು ತೆಲುಗು, ಅಲ್ಲಿ ಆಶಾ ಕಾರ್ಯಕರ್ತೆ ಓದಿ ಹೇಳ್ತೀನಿ ಅಂತಾರೆ, ಆಗುತ್ತಾ?

ಉತ್ತರ:
ಭೇಷ್! ಫಾರಂನಲ್ಲಿ ಸಿಗದೇ ಇದ್ದದ್ದು ಇದೇ.

ಮುಜುಗರದ ಹೇಳಿಕೆ ಇರಲಿ. ಸೀರೆ ಮಾತು ಆಡಿದ ಅಕ್ಕ ಹೇಳಿದ್ದೂ ಮುಜುಗರವೇ, ಮೂಲದವರ ಮನಸ್ಸಲ್ಲಿದ್ದ ಕಾರಣ ಬೇರೆ ಇರಬಹುದು ಅಷ್ಟೇ. ‘ಯೋಗ ಕ್ಲಾಸ್’ ಅನ್ನೋದನ್ನ ಮಾತ್ರ ಫಾರಂನ ಮೇಲ್ಭಾಗದಲ್ಲೇ ಒಂದು ಸಾಲಲ್ಲಿ ಬಿಡಿಸಿ ಹೇಳಿ: ದೊಡ್ಡವರು ಗುಂಪಾಗಿ ಕೂತು ಶಿಕ್ಷಕರ ಹತ್ರ ಕಲಿಯೋ ಜಾಗ ಅಂತ. ಸೀರೆ, ಮಂತ್ರ, ಹಾಲು ಕರೆಯೋ ಹೊತ್ತು ಇವನ್ನ 11ರ ಒಳಗೆ ತುರುಕಬೇಡಿ, ಬೇರೆ ಕಡೆಯ ಅಂಕದ ಜೊತೆ ಹೋಲಿಸೋಕೆ ಆಗಲ್ಲ. ಕೊನೇಲಿ ಪ್ರತ್ಯೇಕ ಭಾಗ ಮಾಡಿ, ಅಂಕವೂ ಪ್ರತ್ಯೇಕ. ನನ್ನ ಕೇಳಿದ್ರೆ ನಿಮ್ಮ ಥೀಸಿಸ್‌ನಲ್ಲಿ ಜನ ಓದೋದು ಆ ಭಾಗವನ್ನೇ. ಫಾರಂ ಬದಲಾದ ಮೇಲೆ ಎಥಿಕ್ಸ್ ಕಮಿಟಿಗೆ ತಿದ್ದುಪಡಿ ಹಾಕಬೇಕು. ಮೂಲ ಲೇಖಕರಿಗೆ ಅನುಮತಿ ಕೇಳಿ ಮೇಲ್ ಹಾಕಿಲ್ಲದಿದ್ರೆ ಇವತ್ತೇ ಹಾಕಿ.

ಪ್ರತಿ ಹೇಳಿಕೆ ವಿಷಯಕ್ಕೆ ಸೂಕ್ತವಾ ಅಂತ ತಜ್ಞರಿಗೆ ತೋರಿಸುವಾಗ ಆರು ಜನ ಇರಲಿ, ಒಬ್ಬರಾದ್ರೂ ಹಳ್ಳಿಯಲ್ಲಿ ಯೋಗ ಕಲಿಸೋರು. ಚಿಂತಾಮಣಿ ಗುರುಗಳು ಒಪ್ಪಿದ್ರೆ ಅವರನ್ನೇ ಕೇಳಿ. ಒಂದು ಹೇಳಿಕೆಗೆ ಆರರಲ್ಲಿ ಐದು ಜನ ‘ಸೂಕ್ತ’ ಅಂದ್ರೆ ಒಪ್ಪಿದವರ ಪಾಲು 0.83, ನಡೆಯುತ್ತೆ. ನಾಲ್ಕೇ ಆದ್ರೆ 0.67, ಆ ಹೇಳಿಕೆ ತಿದ್ದಬೇಕು. ಐದೇ ತಜ್ಞರಾದ್ರೆ ಐವರೂ ಒಪ್ಪಬೇಕಾಗುತ್ತೆ, ಅದಕ್ಕೇ ಆರು ಅಂದಿದ್ದು.

ಸ್ಯಾಂಪಲ್‌ಗೆ ಹೇಳಿಕೆಗೆ ಹತ್ತು ಜನ ಅಂತ ಹಿಡಿದ್ರೆ 110, ಆದ್ರೆ 200 ದಾಟಿಸಿ. ಮೂರು ಭಾಗ ಅಂತ ಮೊದಲೇ ಗೊತ್ತಿರೋದ್ರಿಂದ ಕನ್ಫರ್ಮೇಟರಿ ಫ್ಯಾಕ್ಟರ್ ಅನಾಲಿಸಿಸ್ (ಉತ್ತರಗಳು ಆ ಮೂರು ಭಾಗಕ್ಕೆ ಹೊಂದುತ್ತಾ ಅನ್ನೋ ಪರೀಕ್ಷೆ) ಮಾಡಿ. ಅದು ಹೊಂದದಿದ್ರೆ ಎಕ್ಸ್‌ಪ್ಲೊರೇಟರಿ (ಹೇಳಿಕೆಗಳು ತಾವಾಗೇ ಹೇಗೆ ಗುಂಪಾಗುತ್ತವೆ ಅನ್ನೋದರ ಹುಡುಕಾಟ) ಮಾಡಿ ಎಲ್ಲಿ ಕಲಸಿಹೋಗಿದೆ ನೋಡಬಹುದು, ಆದ್ರೆ ಅಲ್ಲಿ ಸಿಕ್ಕ ಹೊಸ ರಚನೆಯನ್ನ ಅದೇ ಜನರ ಡೇಟಾದಲ್ಲೇ ಕನ್ಫರ್ಮ್ ಮಾಡಿದೆ ಅಂತ ಬರೀಬೇಡಿ. ಯೋಗ ಮಾಡೋರು, ಮಾಡದವರು ಇಬ್ಬರನ್ನೂ ಸೇರಿಸಿ. ಮಾಡೋರಲ್ಲಿ ತೊಂದರೆಯ ಅಂಕ ಕಮ್ಮಿ ಬರಬೇಕು ಅಂತ ಮುಂಚೆಯೇ ಬರೆದಿಟ್ಟು ಆಮೇಲೆ ನೋಡಿ. ಬರಲಿಲ್ಲ ಅಂದ್ರೆ ಆಲ್ಫಾ ಎಷ್ಟಿದ್ರೂ ನಾನಂತೂ ಆ ಪ್ರಶ್ನಾವಳಿ ನಂಬಲ್ಲ.

ಬಾಗೇಪಲ್ಲಿ ವಿಚಾರ: ಆಶಾ ಅವರು ಬಾಯಲ್ಲೇ ತೆಲುಗು ಮಾಡಿ ಹೇಳಿದ್ರೆ ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನಾವಳಿ ಆಗುತ್ತೆ. ಕನ್ನಡ ಸಲೀಸಾಗಿ ಅರ್ಥ ಆಗೋರನ್ನ ಮಾತ್ರ ಸೇರಿಸಿ, ಅಥವಾ ತೆಲುಗಿಗೆ ಇಷ್ಟೂ ಕೆಲಸ ಮೊದಲಿಂದ ಮಾಡಿ. ಯಾರು ತಾವೇ ಓದಿ ತುಂಬಿದ್ರು, ಯಾರಿಗೆ ಓದಿ ಹೇಳಿದ್ರಿ ಅಂತ ಒಂದು ಕಾಲಂ ಇರಲಿ. ಓದಿ ಹೇಳೋರು ಊರಿಗೆ ಪರಿಚಯದವರಾಗದಿದ್ರೆ ವಾಸಿ, ಹೂಂ ಅನ್ನೋದು ಸ್ವಲ್ಪ ಕಮ್ಮಿ ಆಗುತ್ತೆ.

ಎರಡು ವಾರ ಬಿಟ್ಟು ಕನಿಷ್ಠ 50 ಜನರಿಗೆ ಅದೇ ಫಾರಂ ಮತ್ತೆ ಕೊಡಿ, ಐಸಿಸಿ (ಎರಡು ಸಲದ ಅಂಕ ಎಷ್ಟು ಹೊಂದುತ್ತೆ ಅನ್ನೋ ಅಳತೆ) 0.70 ದಾಟಬೇಕು. ಆ ಎರಡು ವಾರದ ನಡುವೆ ಜೂನ್ 21 ಬರದ ಹಾಗೆ ನೋಡ್ಕೊಳ್ಳಿ. ಶಿಬಿರದಲ್ಲಿ ಕೂತು ಬಂದವರ ನಿರೀಕ್ಷೆ ನಿಜವಾಗಿಯೂ ಬದಲಾಗಿರುತ್ತೆ, ಆಮೇಲೆ ಪ್ರಶ್ನಾವಳಿ ಸ್ಥಿರ ಇಲ್ಲ ಅಂತ ಅದರ ಮೇಲೆ ತಪ್ಪು ಹೊರಿಸಬೇಕಾಗುತ್ತೆ.