ಪ್ರಾಗ್‌ನಲ್ಲಿ ಕೊನೇ ದಿನ, ಅಪ್ಪ ಅಮ್ಮನ ಜೊತೆ ಆರಾಮಾಗಿ ಏನ್ ನೋಡ್ಬೋದು?

ಮೈಸೂರು_ಮಲ್ಲಿಗೆ:
ನಮಸ್ಕಾರ ಎಲ್ರಿಗೂ. ಮೇ ತಿಂಗಳಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಪ್ರಾಗ್ ಹೋಗ್ತಿದೀವಿ. ಕ್ಯಾಸಲ್ಲು, ಸೇಂಟ್ ವೀಟಸ್ ಚರ್ಚು, ಓಲ್ಡ್ ಟೌನು, ಆ ಗಡಿಯಾರ ಎಲ್ಲ ಅಷ್ಟೊತ್ತಿಗೆ ಮುಗ್ದಿರತ್ತೆ. ಕೊನೇ ದಿನ ಫ್ಲೈಟು ರಾತ್ರಿ, ಹಾಗಾಗಿ ಪೂರ್ತಿ ಹಗಲು ಕೈಲಿದೆ. ನಮ್ಮನೆಯವ್ರು ಟ್ರೇನಲ್ಲಿ ಕುಟ್ನಾ ಹೋರಾ ಅನ್ನೋ ಊರಿಗೆ ಹೋಗಿ, ಮನುಷ್ಯರ ಮೂಳೆಗಳಿಂದ ಅಲಂಕಾರ ಮಾಡಿರೋ ಆ ಚರ್ಚ್ ನೋಡ್ಕೊಂಡು ಬಂದ್ಬಿಡೋಣ ಅಂತಿದಾರೆ, ಆದ್ರೆ ಅಮ್ಮಂಗೆ ಮಂಡಿನೋವು, ಅಲ್ಲಿ ಎಲ್ಲಿ ನೋಡಿದ್ರೂ ಕಲ್ಲು ಹಾಸಿರೋ ರಸ್ತೆ ಅಂತೆ, ನಂಗೆ ಅವತ್ತೂ ಓಡಾಡ್ಸೋಕೆ ಮನಸ್ಸಿಲ್ಲ. ಏನ್ ಮಾಡ್ಲಿ ಹೇಳಿ.

ಬ್ರನೋ_ಕನ್ನಡಿಗ:
ಮೇಡಂ, ಕುಟ್ನಾ ಹೋರಾ ಚೆನ್ನಾಗಿದೆ, ಆದ್ರೆ ಫ್ಲೈಟ್ ದಿನ ಬೇಡವೇ ಬೇಡ. ವಿಶೆಹ್ರಾಡ್‌ಗೆ ಹೋಗಿ. ನದಿ ಪಕ್ಕ ಬಂಡೆ ಮೇಲಿರೋ ಹಳೇ ಕೋಟೆ. ಹೆಚ್ಚಿನವ್ರು ಟ್ರಾಮಲ್ಲಿ ನದಿ ಕಡೆಯಿಂದ ಬಂದು ಮೆಟ್ಲು ಹತ್ತಿ ಸುಸ್ತಾಗ್ತಾರೆ, ನೀವು ಹಾಗ್ ಮಾಡ್ಬೇಡಿ, ಮೆಟ್ರೋ ಸಿ ಲೈನಲ್ಲಿ ವಿಶೆಹ್ರಾಡ್ ಸ್ಟೇಷನ್ನಲ್ಲೇ ಇಳೀರಿ, ಅಲ್ಲಿಂದ ಹೆಚ್ಚು ಏರಿಲ್ಲ, ಅಮ್ಮ ನಿಧಾನಕ್ಕೆ ನಡ್ಕೊಂಡು ಬರ್ಬೋದು. ಒಳಗೆ 11ನೇ ಶತಮಾನದ್ದು ಒಂದು ದುಂಡಗಿನ ಪುಟ್ಟ ಚರ್ಚಿದೆ, ದೊಡ್ಡ ಚರ್ಚಿನ ಪಕ್ಕದ ಸ್ಮಶಾನದಲ್ಲಿ ಸಂಗೀತಗಾರ ಡ್ವೊರ್ಜಾಕ್, ಚಿತ್ರಕಾರ ಮುಖಾ ಎಲ್ಲ ಮಲಗಿದಾರೆ. ಸ್ಮಶಾನ ಅಂತ ಅಮ್ಮ ಹಿಂಜರಿದ್ರೆ ಬಲವಂತ ಬೇಡ, ಆದ್ರೆ ಒಂದೊಂದ್ ಸಮಾಧಿನೂ ಶಿಲ್ಪದ ಥರ ಇದೆ, ಹೂವಿನ ಗಿಡ ಬೇರೆ. ಆಮೇಲೆ ಕೋಟೆ ಗೋಡೆ ಹತ್ರ ಬೆಂಚಲ್ಲಿ ಕೂತ್ಕೊಳಿ, ಕೆಳಗೆ ವ್ಲ್ಟಾವಾ ನದಿ, ದೂರದಲ್ಲಿ ನೀವು ಹತ್ತಿ ಬಂದ ಕ್ಯಾಸಲ್ಲು. ನಂಗಂತೂ ಇಡೀ ಪ್ರಾಗಲ್ಲಿ ಇದಕ್ಕಿಂತ ಇಷ್ಟವಾದ ಜಾಗ ಇಲ್ಲ.

ಧಾರವಾಡ_ಪೇಡೆ:
ವಿಶೆಹ್ರಾಡ್ ಖರೇನ ಚಲೋ ಐತಿ. ಆದ್ರ ಅದಕ್ಕೂ ಮೊದ್ಲ ಒಂದ್ ಕೆಲಸಾ ಮಾಡ್ರಿ, ಮುಂಜಾನೆ ಆರಕ್ಕ ಎದ್ದು ಚಾರ್ಲ್ಸ್ ಬ್ರಿಜ್ಜಿಗೆ ಹೋಗ್ರಿ. ಮಧ್ಯಾಹ್ನ ಅಲ್ಲಿ ಕಾಲ್ ಇಡಾಕ ಜಾಗಾ ಇರಂಗಿಲ್ಲ, ಅಷ್ಟೊತ್ನ್ಯಾಗ ಆದ್ರ ಮಂದಿ ಭಾಳ ಕಮ್ಮಿ. 1357ರಾಗ ಕೆಲಸ ಚಾಲೂ ಮಾಡಿದ ಸೇತುವೆರೀ ಅದು. 30 ಮೂರ್ತಿ ಅದಾವು, ನೆಪೊಮುಕ್ ಸಂತನ ಮೂರ್ತಿ ಕೆಳಗಿನ ಕಂಚಿನ ಫಲಕ ಮಂದಿ ಮುಟ್ಟಿ ಮುಟ್ಟಿ ಅಲ್ಲಷ್ಟ ಬಂಗಾರದಂಗ ಹೊಳೀತೈತಿ. ಅಮ್ಮಗ ನೋವಿದ್ರ ಪೂರಾ ದಾಟೂದು ಬ್ಯಾಡ, ಅರ್ಧಾ ಹೋಗಿ ವಾಪಸ್ ಬರ್ರಿ ಸಾಕು.

ಬ್ರನೋ_ಕನ್ನಡಿಗ:
ಧಾರವಾಡದವ್ರು ಸರಿಯಾಗೇ ಹೇಳಿದ್ರು. ಸೇತುವೆ ಮೇಲಿರೋದ್ರಲ್ಲಿ ತುಂಬಾ ಮೂರ್ತಿಗಳು ನಕಲು, ಅಸಲಿ ಕೆಲವು ವಿಶೆಹ್ರಾಡ್ ಕೋಟೆ ಒಳಗಿನ ಗೋರ್ಲಿಟ್ಸೆ ಅನ್ನೋ ನೆಲದಡಿ ಹಾಲಲ್ಲಿವೆ, ಹಾಗಾಗಿ ಬೆಳಗ್ಗೆ ಅದು ಆಮೇಲೆ ಇದು ನೋಡಿದ್ರೆ ಅಪ್ಪಂಗೆ ಖಂಡಿತ ಖುಷಿಯಾಗತ್ತೆ.

ಮೈಸೂರು_ಮಲ್ಲಿಗೆ:
ತುಂಬಾ ಥ್ಯಾಂಕ್ಸ್ ಇಬ್ರಿಗೂ! ಮನೆಯವ್ರೂ ಓದಿ ಒಪ್ಕೊಂಡ್ರು. ನಾವು ಪ್ಯೂರ್ ವೆಜ್ಜು, ಊಟಕ್ಕೇನ್ ಮಾಡೋದು? ಸಂಜೆ ಏರ್‌ಪೋರ್ಟಿಗೆ ಹೋಗೋ ತನಕ ಎಲ್ ಕೂರೋದು?

ಬ್ರನೋ_ಕನ್ನಡಿಗ:
ಲೋಕಲ್ ಹೋಟೆಲಲ್ಲಿ ಸ್ಮಾಜೆನಿ ಸೀರ್ ಅಂತ ಕೇಳಿ, ದಪ್ಪ ಚೀಸ್ ತುಂಡಿಗೆ ಬ್ರೆಡ್ ಪುಡಿ ಹಚ್ಚಿ ಕರಿದಿರ್ತಾರೆ, ಆ ಹಚ್ಚೋದ್ರಲ್ಲಿ ಮೊಟ್ಟೆನೂ ಸೇರಿರತ್ತೆ, ಅದು ಆಗಲ್ಲ ಅಂದ್ರೆ ಇಂಡಿಯನ್ ರೆಸ್ಟೋರೆಂಟೇ ವಾಸಿ. ಊಟ ಆದ್ಮೇಲೆ ಮ್ಯೂಸಿಯಂ ಸ್ಟೇಷನ್ನಲ್ಲಿ ಎ ಲೈನಿಗೆ ಬದಲಾಯಿಸಿ ಮಾಲೊಸ್ಟ್ರಾನ್ಸ್ಕಾದಲ್ಲಿ ಇಳೀರಿ, ಎಸ್ಕಲೇಟರ್ ಉದ್ದ ಇದೆ, ಸ್ಪೀಡೂ ಜಾಸ್ತಿ, ಅಮ್ಮನ ಕೈ ಹಿಡ್ಕೊಳಿ. ಹತ್ರದಲ್ಲೇ ವಾಲೆನ್‌ಸ್ಟೈನ್ ತೋಟ, ಟಿಕೆಟ್ ಇಲ್ಲ, ನವಿಲುಗಳು ಓಡಾಡ್ಕೊಂಡಿರ್ತವೆ, ಕೂರೋಕೂ ಜಾಗ ಇದೆ. ಅದೇ ಎ ಲೈನು ಸೀದಾ ನಾದ್ರಾಜಿ ವೆಲೆಸ್ಲಾವೀನ್ ತನಕ ಹೋಗತ್ತೆ, ಅಲ್ಲಿಂದ 59ನೇ ನಂಬರ್ ಟ್ರಾಲಿಬಸ್ಸು ಏರ್‌ಪೋರ್ಟಿಗೆ. ಲಗೇಜು ಹೋಟೆಲಲ್ಲೇ ಬಿಟ್ಟಿದ್ರೆ ಅದನ್ನ ತಗೊಳೋ ಟೈಮೂ ಲೆಕ್ಕ ಹಾಕ್ಕೊಳಿ. ಪೇಪರ್ ಟಿಕೆಟ್ ತಗೊಂಡ್ರೆ ಮೆಟ್ರೋ ಆದ್ರೆ ಒಳಗೆ ಹೋಗೋ ಮುಂಚೆ, ಬಸ್ಸು ಟ್ರಾಮ್ ಆದ್ರೆ ಹತ್ತಿದ ತಕ್ಷಣ ಹಳದಿ ಮಷಿನ್ನಲ್ಲಿ ಮರೀದೆ ಸೀಲ್ ಹೊಡಿಸಿ, ಇಲ್ಲಾಂದ್ರೆ ಟಿಕೆಟ್ ಕೈಲಿದ್ರೂ ಫೈನ್ ಹಾಕ್ತಾರೆ.